ಐದು ಜನಕ್ಕೆ ಒಂದೇ ಮಷೀನು: ಸ್ಕ್ಯಾನರ್ ಬೇರೆ ತರೋದಾ, ದೊಡ್ಡ ಮಷೀನೇ ತರೋದಾ?

ಮಂಡಿ ಲೆಕ್ಕ (ಸಾಗರ)

ಎಲ್ಲರಿಗೂ ನಮಸ್ಕಾರ. ಸಾಗರದ ಒಂದು ಆಡಿಟರ್ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಹೆಸರಿಗೆ ಅಕೌಂಟೆಂಟ್, ನಿಜ ಹೇಳಬೇಕೆಂದರೆ ಫೈಲು ಕಾಯುವವಳು. ನಮ್ಮ ಸಾಹೇಬರು, ನಾನು, ಸಿಎ ತರಬೇತಿಯ ಇಬ್ಬರು ಆರ್ಟಿಕಲ್ ಹುಡುಗರು, ಟ್ಯಾಲಿ ಎನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಒಬ್ಬಳು ಹುಡುಗಿ. ಐದು ಜನಕ್ಕೂ ಒಂದೇ ಮಷೀನು. ಜೆರಾಕ್ಸ್ ಅದರಲ್ಲೇ, ಪ್ರಿಂಟ್ ಅದರಲ್ಲೇ, ಸ್ಕ್ಯಾನೂ ಅದರಲ್ಲೇ. ಎ4 ಗ್ಲಾಸು, ಮೇಲೊಂದು ಫೀಡರು, ಅಂದರೆ ಕಟ್ಟಿಟ್ಟರೆ ಹಾಳೆಗಳನ್ನು ಒಂದೊಂದಾಗಿ ಒಳಗೆಳೆಯುವ ಭಾಗ. ತಂದು ಆರು ವರ್ಷವಾಯಿತು.

ನಮ್ಮ ಪಾರ್ಟಿಗಳು ಅಂದರೆ ಅಡಿಕೆ ಮಂಡಿಯವರು, ಎರಡು ಹಾರ್ಡ್‌ವೇರ್ ಅಂಗಡಿ, ಮೂರು ಸೊಸೈಟಿ, ಒಂದು ಪೆಟ್ರೋಲ್ ಬಂಕ್. ವರ್ಷದ ಕಾಗದವನ್ನೆಲ್ಲ ಕೈಚೀಲಕ್ಕೆ ತುಂಬಿ ತಂದು, ಮೇಜಿನ ಮೇಲೆ ಇಟ್ಟು, "ನೋಡ್ಕಳಿ ಅಕ್ಕ" ಎಂದು ಹೋಗುತ್ತಾರೆ. ಒಳಗೆ ಗುಲಾಬಿ ಕಾರ್ಬನ್ ಕಾಪಿ ಇರುತ್ತದೆ, ಹಳದಿ ಕಾರ್ಬನ್ ಕಾಪಿ ಇರುತ್ತದೆ. ಡೀಸೆಲ್ ಚೀಟಿಗಳನ್ನು ಎ4 ಹಾಳೆಗೆ ಗೋಂದು ಹಚ್ಚಿ ಸಾಲಾಗಿ ಅಂಟಿಸಿರುತ್ತಾರೆ. ಉದ್ದದ ಬಾಡಿಗೆ ಕರಾರು, ಪಾಸ್‌ಬುಕ್, ಕರೆಂಟ್ ಬಿಲ್ಲು. ಒಮ್ಮೆ ಒಂದು ಚೀಲದ ತಳದಲ್ಲಿ ನಾಲ್ಕು ಗೋಟಡಿಕೆಯೂ ಸಿಕ್ಕಿತ್ತು.

ತೊಂದರೆ ಶುರುವಾಗುವುದು ಸೆಪ್ಟೆಂಬರಿನಲ್ಲಿ. 30ನೇ ತಾರೀಕಿಗೆ ಟ್ಯಾಕ್ಸ್ ಆಡಿಟ್ ಗಡುವು. ಒಬ್ಬ ಅರವತ್ತು ಪುಟದ ರಿಪೋರ್ಟ್ ಪ್ರಿಂಟ್ ಕೊಟ್ಟಿರುತ್ತಾನೆ, ಇನ್ನೊಬ್ಬ ಬಿಲ್ಲುಗಳನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾನೆ, ಅಷ್ಟರಲ್ಲಿ ಪಾರ್ಟಿಯೊಬ್ಬರು ಬಂದು "ಒಂದು ಆಧಾರ್ ಜೆರಾಕ್ಸ್ ಮಾಡಿಕೊಡಿ" ಅನ್ನುತ್ತಾರೆ. ಗುಲಾಬಿ ಹಾಳೆಗಳು ಫೀಡರಿನಲ್ಲಿ ಸುಕ್ಕಾಗಿ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡರೆ ಪ್ರಿಂಟೂ ನಿಂತಿತು, ಸ್ಕ್ಯಾನೂ ನಿಂತಿತು.

ಹೋದ ವರ್ಷ ಇನ್ನೊಂದು ಆಯಿತು. ಒಂದು ಸೊಸೈಟಿಯ ವೋಚರ್‌ಗಳನ್ನು ಎರಡೂ ಬದಿ ಸ್ಕ್ಯಾನ್ ಮಾಡಿ ಮೂಲ ಕಟ್ಟನ್ನು ವಾಪಸ್ ಕೊಡುವುದಿತ್ತು. "ಖಾಲಿ ಪುಟ ಬಿಡು" ಅನ್ನುವ ಸೆಟ್ಟಿಂಗ್ ಆನ್ ಇತ್ತು. ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಹನ್ನೊಂದು ವೋಚರ್‌ಗಳ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ "ಹಣ ಪಡೆದಿದ್ದೇನೆ" ಎಂದು ಬರೆದು ಸಣ್ಣಗೆ ಸಹಿ ಮಾಡಿದ್ದರು. ಮಷೀನು ಅಷ್ಟನ್ನೂ ಖಾಲಿ ಎಂದು ಬಿಟ್ಟುಬಿಟ್ಟಿದೆ. ಕಟ್ಟು ಇನ್ನೂ ನಮ್ಮ ಕಪಾಟಿನಲ್ಲೇ ಇದ್ದದ್ದು ಪುಣ್ಯ.

ಈಗ ಸಾಹೇಬರು ಶಿವಮೊಗ್ಗದ ಸ್ನೇಹಿತರ ಆಫೀಸಿನಲ್ಲಿ ಎ3 (ಎ4ರ ಎರಡರಷ್ಟು ದೊಡ್ಡ ಹಾಳೆ) ಕಲರ್ ಮಷೀನು ನೋಡಿ ಬಂದಿದ್ದಾರೆ. ಅಂಥದ್ದೇ ಒಂದು ಬಾಡಿಗೆಗೆ ತರಿಸೋಣ ಅನ್ನುತ್ತಿದ್ದಾರೆ. ನನಗೆ ನನ್ನ ಮೇಜಿನ ಮೇಲೆ ಒಂದು ಸಣ್ಣ ಸ್ಕ್ಯಾನರ್ ಸಾಕು ಅನ್ನಿಸುತ್ತದೆ. ದಿನಕ್ಕೆ ಮಾಮೂಲಿಯಾಗಿ ನೂರು, ನೂರೈವತ್ತು ಹಾಳೆ, ಸೀಸನ್ನಿನಲ್ಲಿ ಐನೂರರವರೆಗೆ. ಈ ಕೆಲಸ ಕೈಯಾರೆ ಮಾಡಿದವರು ಹೇಳಿ. ಸುಮ್ನೆ ಅಂಗಡಿಯವರನ್ನು ಕೇಳಿದರೆ ಅವರ ಹತ್ತಿರ ಇರುವುದನ್ನೇ ಒಳ್ಳೆಯದು ಅನ್ನುತ್ತಾರೆ.

ಟೋನರ್ ಕೈ (ಹುಬ್ಬಳ್ಳಿ)

ಅಕ್ಕಾರೇ, ಹದಿನಾಲ್ಕು ವರ್ಷದಿಂದ ಈ ಮಷೀನುಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ನೀವು ಹೇಳಿದ್ದೇ ಸರಿ. ಸ್ಕ್ಯಾನರ್ ಬೇರೆ ತಗೊಳ್ಳಿ. ಈಗಿರುವ ಮಷೀನು ಪ್ರಿಂಟಿಗೆ, ಜೆರಾಕ್ಸಿಗೆ ಇರಲಿ.

ಗುಲಾಬಿ ಹಾಳೆ ಯಾಕೆ ಸಿಕ್ಕಿಕೊಳ್ಳುತ್ತದೆ ಗೊತ್ತಾ? ಆಲ್ ಇನ್ ಒನ್ ಮಷೀನಿನ ಫೀಡರು ಹಾಳೆಯನ್ನು ಮೇಲಿಂದ ಎಳೆದು, ಯು ಆಕಾರದಲ್ಲಿ ತಿರುಗಿಸಿ ಕೆಳಗೆ ಬಿಡುತ್ತದೆ. ಕಡಿಮೆ ಬೆಲೆಯದ್ದಾದರೆ ಎರಡನೇ ಬದಿಗೆ ಅದೇ ಹಾಳೆಯನ್ನು ಇನ್ನೊಮ್ಮೆ ಒಳಗೆಳೆದು ಮಗುಚುತ್ತದೆ. ಮಾಮೂಲಿ ಜೆರಾಕ್ಸ್ ದಪ್ಪದ 70 ಜಿಎಸ್‌ಎಂ ಕಾಗದ ಅಷ್ಟು ತಿರುವು ತಡೆಯುತ್ತದೆ. ಕಾರ್ಬನ್ ಕಾಪಿ ಕಾಗದ ಈರುಳ್ಳಿ ಸಿಪ್ಪೆ ಇದ್ದ ಹಾಗೆ, ತಡೆಯುವುದಿಲ್ಲ. ಬರೀ ಸ್ಕ್ಯಾನ್ ಕೆಲಸಕ್ಕೆಂದೇ ಮಾಡಿದ ಯಂತ್ರದಲ್ಲಿ ದಾರಿ ಹೆಚ್ಚುಕಡಿಮೆ ನೇರ. ಎರಡು ಕಡೆಯೂ ಕಣ್ಣು ಇರುತ್ತದೆ, ಹಾಳೆ ಒಮ್ಮೆ ಹಾದುಹೋದರೆ ಎರಡೂ ಬದಿ ಸಿಕ್ಕಿತು.

ಒಳ್ಳೆಯ ಸ್ಕ್ಯಾನರ್‌ಗಳಲ್ಲಿ ಎರಡು ಹಾಳೆ ಒಟ್ಟಿಗೆ ಹೋದರೆ ಹಿಡಿಯುವ ಅಲ್ಟ್ರಾಸಾನಿಕ್ ಸೆನ್ಸರ್ ಇರುತ್ತದೆ. ಒಂದು ಹಾಳೆಯ ಮೂಲಕ ಶಬ್ದ ಹಾದುಹೋಗುವ ರೀತಿ ಬೇರೆ, ಎರಡರ ನಡುವೆ ಗಾಳಿ ಇದ್ದಾಗ ಬೇರೆ. ನಿಮಗೆ ಇದು ಬೇಕೇ ಬೇಕು. ಆದರೆ ಒಂದು ಮಾತು. ನಿಮ್ಮ ಡೀಸೆಲ್ ಚೀಟಿ ಅಂಟಿಸಿದ ಹಾಳೆ ಬಂದಾಗ ಅದು ಪ್ರತಿ ಸಲವೂ "ಎರಡು ಹಾಳೆ" ಎಂದು ಕೂಗಿ ನಿಲ್ಲುತ್ತದೆ. ಅದರ ಮಟ್ಟಿಗೆ ಸುಳ್ಳಲ್ಲ, ಎರಡು ಕಾಗದ ಇವೆಯಲ್ಲ! ಆ ಕಟ್ಟನ್ನು ಬೇರೆ ಮಾಡಿ, ಸೆನ್ಸರ್ ಆಫ್ ಮಾಡಿ ಹಾಕಿ, ಮುಗಿದ ಮೇಲೆ ನೆನಪಿಟ್ಟು ಆನ್ ಮಾಡಿ. ಗೋಂದು ಹಸಿ ಇದ್ದರೆ ದಮ್ಮಯ್ಯ ಹಾಕಬೇಡಿ.

ಗೋಂದು ಅಂದ ಕೂಡಲೇ ನೆನಪಾಯಿತು. ಸ್ಕ್ಯಾನಿನಲ್ಲಿ ಮೇಲಿಂದ ಕೆಳಗೆ ಉದ್ದಕ್ಕೆ ಒಂದು ಕಪ್ಪು ಗೆರೆ ಬರುತ್ತದೆ ಎಂದು ವಾರಕ್ಕೆ ಎರಡು ಫೋನ್ ಬರುತ್ತವೆ. ಗ್ಲಾಸ್ ಮೇಲಿಟ್ಟರೆ ಗೆರೆ ಇಲ್ಲ, ಫೀಡರಿನಲ್ಲಿ ಹಾಕಿದರೆ ಇದೆ. ಹಾಗಿದ್ದರೆ ದೊಡ್ಡ ಗ್ಲಾಸಿನ ಪಕ್ಕದಲ್ಲಿ ಒಂದು ಬೆರಳಗಲದ ಸಣ್ಣ ಗ್ಲಾಸ್ ಪಟ್ಟಿ ಇರುತ್ತದೆ, ಅದನ್ನು ನೋಡಿ. ವೈಟ್ನರ್ ಚುಕ್ಕಿಯೋ ಗೋಂದೋ ಅಂಟಿರುತ್ತದೆ. ಫೀಡರಿನಲ್ಲಿ ಕಣ್ಣು ನಿಂತಲ್ಲೇ ನಿಂತು ಕಾಗದ ಓಡುತ್ತದೆ. ಅದಕ್ಕೇ ಸಾಸಿವೆಯಷ್ಟು ಕೊಳೆ ಹಾಳೆಯುದ್ದಕ್ಕೂ ಗೆರೆಯಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ನನ್ನನ್ನು ಕರೆಸಿದರೆ ಅದನ್ನೇ ಮಾಡಿ ವಿಸಿಟ್ ಚಾರ್ಜ್ ತಗೊಳ್ಳುತ್ತೇನೆ.

ಮಾಡೆಲ್ ಕೇಳುತ್ತೀರಿ ಅಂತ ಗೊತ್ತು. ಹಿಂದೆ ಫುಜಿತ್ಸು ಹೆಸರಲ್ಲಿ ಬರುತ್ತಿದ್ದ ಎಫ್‌ಐ ಸಾಲು ಈಗ ರಿಕೋ ಹೆಸರಲ್ಲಿ ಬರುತ್ತಿದೆ. ಎಫ್‌ಐ-8170 ನಿಮಿಷಕ್ಕೆ 70 ಹಾಳೆ, ಎರಡೂ ಬದಿ ಸೇರಿ 140 ಚಿತ್ರ ಎಳೆಯುತ್ತದೆ. ನಿಮಗೆ ಅಷ್ಟು ಬೇಕಿಲ್ಲ. ಕ್ಯಾನನ್ ಡಿಆರ್, ಎಪ್ಸನ್ ಡಿಎಸ್, ಬ್ರದರ್ ಎಡಿಎಸ್ ಸಾಲುಗಳಲ್ಲಿ ನಿಮಿಷಕ್ಕೆ 30-40 ಹಾಳೆಯದ್ದು ಸಾಕು. ಸ್ಕ್ಯಾನ್‌ಸ್ನ್ಯಾಪ್ ಐಎಕ್ಸ್1600 ಬಳಸಲು ಬಹಳ ಸುಲಭ, ಆದರೆ ಅದಕ್ಕೆ ಟ್ವೇನ್ ಡ್ರೈವರ್ (ಬೇರೆ ಸಾಫ್ಟ್‌ವೇರಿಗೆ ಸ್ಕ್ಯಾನರ್ ಜೋಡಿಸುವ ಕೊಂಡಿ) ಇಲ್ಲ. ನಿಮ್ಮ ಬೇರೆ ಯಾವುದಾದರೂ ಸಾಫ್ಟ್‌ವೇರ್ ಒಳಗಿಂದಲೇ ಸ್ಕ್ಯಾನ್ ಮಾಡಬೇಕಿದ್ದರೆ ಮೊದಲು ಅದನ್ನು ಕೇಳಿಕೊಳ್ಳಿ. ರೋಲರ್ ಸೆಟ್ಟಿನ ಬೆಲೆ, ಎಷ್ಟು ಹಾಳೆಗೆ ಬದಲಿಸಬೇಕು, ಇಲ್ಲಿ ಸಿಗುತ್ತದಾ, ಮೂರೂ ವಿಚಾರಿಸಿ. ಯಂತ್ರ ಸಾಯುವುದು ಕಡಿಮೆ, ರೋಲರ್ ಸವೆಯುವುದೇ ಜಾಸ್ತಿ.

ಪಾಸ್‌ಬುಕ್ಕಿಗೆ ಮಾತ್ರ ಹಳೆ ಮಷೀನಿನ ಗ್ಲಾಸೇ ಗತಿ. ಇಂಥ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವಕ್ಕೆ ಗ್ಲಾಸ್ ಇರುವುದಿಲ್ಲ. ಬಾಡಿಗೆ ಕರಾರು ಲೀಗಲ್ ಅಳತೆ, 14 ಇಂಚು ಉದ್ದ. ಅದು ಎ4 ಗ್ಲಾಸಿಗೆ ಹಿಡಿಸುವುದಿಲ್ಲ, ಕೊನೆಯ ಸಹಿಯೇ ಕತ್ತರಿಸಿ ಹೋಗುತ್ತದೆ. ಅದನ್ನು ಫೀಡರಿನಲ್ಲೇ ಹಾಕಬೇಕು.

ಜೆರಾಕ್ಸ್ ಅಂಗಡಿ (ದಾವಣಗೆರೆ)

ಮೇಡಂ, ಬಾಡಿಗೆ ಮಷೀನಿನ ಬಗ್ಗೆ ಒಂದೇ ಮಾತು. ಎಷ್ಟು ಕಾಪಿ ಕನಿಷ್ಠ ಎಂದು ಅಗ್ರಿಮೆಂಟಿನಲ್ಲಿ ಬರೆದಿದ್ದಾರೆ ನೋಡಿ. ತಿಂಗಳಿಗೆ ಇಷ್ಟು ಸಾವಿರ ಕಾಪಿ ಹೊಡೆಯಲಿ ಬಿಡಲಿ, ಅಷ್ಟಕ್ಕೆ ದುಡ್ಡು ಕೊಡಲೇಬೇಕು. ನಿಮ್ಮದು ಸೆಪ್ಟೆಂಬರ್ ವ್ಯಾಪಾರ. ಏಪ್ರಿಲ್, ಮೇ ತಿಂಗಳಲ್ಲಿ ಆ ಮಷೀನು ನಿದ್ದೆ ಮಾಡುತ್ತದೆ, ಮೀಟರ್ ರೀಡಿಂಗಿಗೆ ಹುಡುಗ ಬರುವುದು ಮಾತ್ರ ತಪ್ಪುವುದಿಲ್ಲ. ಕೆಲವರು ಸ್ಕ್ಯಾನನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅದನ್ನು ಕೇಳಿ ಬರೆಸಿಕೊಳ್ಳಿ. ಕಲರ್ ಕಾಪಿಗೆ ರೇಟೇ ಬೇರೆ. ಹುಡುಗರು ಕಪ್ಪು ಬಿಳುಪು ಒತ್ತುವ ಕಡೆ ಕಲರ್ ಒತ್ತಿದರೆ ಬಿಲ್ ನೋಡಿ ಸಾಹೇಬರಿಗೆ ಬಿಪಿ ಏರುತ್ತದೆ.

ನಾನೂ ಎ3 ಮಷೀನೇ ಇಟ್ಟಿದ್ದೇನೆ. ಆದರೆ ನನಗೆ ನಕ್ಷೆ ಬರುತ್ತವೆ, ಶಾಲೆಯ ಪ್ರಶ್ನೆಪತ್ರಿಕೆ ಬರುತ್ತವೆ. ನಿಮಗೆ ವರ್ಷಕ್ಕೆ ಎಷ್ಟು ಎ3 ಬರುತ್ತದೆ ಎಣಿಸಿ ನೋಡಿ.

ಮಂಡಿ ಲೆಕ್ಕ (ಸಾಗರ)

ಎಣಿಸಿದೆ. ಹೋದ ವರ್ಷ ಎರಡು. ಅದರಲ್ಲಿ ಒಂದು ಸಾಹೇಬರ ಮನೆಯ ಪ್ಲಾನು.

ಕೋರ್ಟು ಗುಮಾಸ್ತ (ಮೈಸೂರು)

ಯಂತ್ರದ ಬಗ್ಗೆ ಬಲ್ಲವರು ಹೇಳಿದ್ದಾರೆ. ನಾನು ಯಂತ್ರಕ್ಕೆ ಹೋಗುವ ಮುಂಚಿನ ಕೆಲಸದ ಬಗ್ಗೆ ಹೇಳುತ್ತೇನೆ. ವಕೀಲರ ಆಫೀಸಿನಲ್ಲಿ ಹಳೆಯ ಕೇಸ್ ಕಟ್ಟುಗಳನ್ನು ಸ್ಕ್ಯಾನ್ ಮಾಡಿಸಿದಾಗ ನಾನು ಕಲಿತದ್ದು ಇಷ್ಟು: ಒಂದು ಗಂಟೆಯ ಸ್ಕ್ಯಾನಿಗೆ ಎರಡು ಗಂಟೆ ಕೈಕೆಲಸ. ಟ್ಯಾಗ್ ದಾರ ಬಿಚ್ಚಬೇಕು, ಗುಂಡುಸೂಜಿ ತೆಗೆಯಬೇಕು, ಸ್ಟೇಪ್ಲರ್ ಪಿನ್ ಕೀಳಬೇಕು, ಮಡಚಿದ ಕಿವಿ ನೇರ ಮಾಡಬೇಕು. ಒಂದು ಪಿನ್ ಉಳಿದರೂ ಒಳಗಿನ ಗ್ಲಾಸಿಗೆ ಗೀರು ಬೀಳುತ್ತದೆ. ಆ ಗೀರು ಬಟ್ಟೆಯಲ್ಲಿ ಒರೆಸಿದರೆ ಹೋಗುವುದಲ್ಲ. ಆದ್ದರಿಂದ ನಿಮಿಷಕ್ಕೆ ಎಷ್ಟು ಹಾಳೆ ಎನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ಯಂತ್ರಕ್ಕೂ ನಿಮ್ಮ ಹುಡುಗರು ಅಷ್ಟು ವೇಗವಾಗಿ ಕಾಗದ ಉಣಿಸಲಾರರು.

ಇನ್ನು ನಿಮ್ಮ ಹನ್ನೊಂದು ವೋಚರ್ ಕಥೆ. ನಾವು "ಖಾಲಿ ಪುಟ ಬಿಡು" ಎನ್ನುವುದನ್ನು ಮುಟ್ಟುವುದೇ ಇಲ್ಲ. ಕಟ್ಟಿನ ಹಾಳೆ ಮೊದಲು ಕೈಯಲ್ಲಿ ಎಣಿಸುತ್ತೇವೆ. ಎರಡೂ ಬದಿ ಸ್ಕ್ಯಾನ್ ಮಾಡಿದರೆ ಪುಟದ ಲೆಕ್ಕ ಸರಿಯಾಗಿ ಅದರ ಎರಡರಷ್ಟು ಬರಬೇಕು. ಬರದಿದ್ದರೆ ಇನ್ನೊಮ್ಮೆ. ಫೈಲಿನಲ್ಲಿ ಖಾಲಿ ಪುಟ ಇದ್ದರೆ ಇರಲಿ ಬಿಡಿ, ಅದು ಅನ್ನ ಕೇಳುವುದಿಲ್ಲ.

ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನಿಮಗೆ ಗೊತ್ತೇ ಇರುತ್ತದೆ, ಜಿಎಸ್‌ಟಿ ಲೆಕ್ಕ ಇಡಬೇಕಾದ್ದು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು, ಕಂಪನಿಯಾದರೆ 8 ಹಣಕಾಸು ವರ್ಷ. ಎಲೆಕ್ಟ್ರಾನಿಕ್ ರೂಪದಲ್ಲಿ ಇಡಲು ಕಾನೂನು ಒಪ್ಪುತ್ತದೆ, ನಿಜ. ಆದರೆ ಸಹಿಯ ಬಗ್ಗೆ ಜಗಳ ಬಂದಾಗ ನ್ಯಾಯಾಲಯ ಮೂಲ ಕಾಗದ ನೋಡಲು ಬಯಸುತ್ತದೆ. ಪೆನ್ನಿನ ಒತ್ತು, ಶಾಯಿ, ಇದ್ಯಾವುದೂ ಪಿಡಿಎಫ್‌ನಲ್ಲಿ ಇರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು ಎರಡು ಭಾಗದ ಪ್ರಮಾಣಪತ್ರ ಕೇಳುತ್ತಾರೆ, ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಸಮೇತ. ಕರಾರು, ಕ್ರಯಪತ್ರ, ಉಯಿಲು, ಪ್ರಾಮಿಸರಿ ನೋಟು, ಸಹಿಯ ವೋಚರ್, ಇವುಗಳ ಮೂಲ ಬಿಡಬೇಡಿ. ಮಾಮೂಲಿ ಬಿಲ್ಲುಗಳ ಬಗ್ಗೆ ನಿಮ್ಮ ಸಾಹೇಬರೇ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಬಂಕಿನ ಚೀಟಿಗಳನ್ನು ಮಾತ್ರ ಬಂದ ದಿನವೇ ಸ್ಕ್ಯಾನ್ ಮಾಡಿ. ಶಾಖಕ್ಕೆ ಕಪ್ಪಾಗುವ ಕಾಗದ ಅದು. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಇನ್ನೂ ಬೇಗ ಮಾಸುತ್ತದೆ.

ಕೇಬಲ್ ಎಳೆಯುವವ (ಬೆಂಗಳೂರು)

ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಮೂರು ವಿಷಯ ಹೇಳಿಬಿಡುತ್ತೇನೆ, ಯಾರೂ ಹೇಳಲಿಲ್ಲ.

"ನಿನ್ನೆವರೆಗೆ ಫೋಲ್ಡರಿಗೆ ಸ್ಕ್ಯಾನ್ ಹೋಗುತ್ತಿತ್ತು, ಇವತ್ತಿಲ್ಲ" ಎನ್ನುವ ದೂರು ಹೊಸ ಕಂಪ್ಯೂಟರ್ ತಂದ ಮರುದಿನ ಬರುತ್ತದೆ. ಹಳೆ ಮಷೀನುಗಳು ಎಸ್‌ಎಂಬಿ1 ಎನ್ನುವ ಹಳೆ ಭಾಷೆಯಲ್ಲಿ ಮಾತಾಡುತ್ತವೆ. 2017ರ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ಮೊದಲೇ ಬಂದ್ ಆಗಿರುತ್ತದೆ. ಅದನ್ನು ಮತ್ತೆ ತೆರೆಯಬೇಡಿ, ವಾನಾಕ್ರೈ ವೈರಸ್ ಹರಡಿದ್ದೇ ಆ ಬಾಗಿಲಿನಿಂದ. ಮಷೀನಿನ ಫರ್ಮ್‌ವೇರಿಗೆ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಸಿಗುತ್ತದಾ ನೋಡಿ. ಇಮೇಲಿಗೆ ಸ್ಕ್ಯಾನ್ ಮಾಡುವುದೂ ಹೀಗೆಯೇ. 2022ರ ಮೇ 30ರಿಂದ ಜಿಮೇಲ್ ಬರೀ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಒಪ್ಪುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿ, ಮಷೀನಿಗೆಂದೇ ಆಪ್ ಪಾಸ್‌ವರ್ಡ್ ಮಾಡಿ ಕೊಡಬೇಕು.

ಎರಡನೆಯದು, ದೊಡ್ಡ ಮಷೀನುಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ. ಸ್ಕ್ಯಾನ್ ಮಾಡಿದ್ದು, ಕಾಪಿ ಮಾಡಿದ್ದು ಅದರಲ್ಲಿ ಉಳಿಯಬಹುದು. ಅಮೆರಿಕದಲ್ಲಿ ಅಫಿನಿಟಿ ಹೆಲ್ತ್ ಪ್ಲಾನ್ ಎನ್ನುವ ಸಂಸ್ಥೆ ಲೀಸಿಗೆ ತಂದಿದ್ದ ಕಾಪಿಯರ್‌ಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟು, 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ರೋಗಿಗಳ ವಿವರ ಡಿಸ್ಕಿನಲ್ಲೇ ಉಳಿದಿತ್ತು. ನಿಮ್ಮ ಪಾರ್ಟಿಗಳ ಪ್ಯಾನು, ಆಧಾರ್ ಎಲ್ಲ ಆ ಗ್ಲಾಸಿನ ಮೇಲೇ ಹಾದುಹೋಗುವುದು. ಸಾಹೇಬರು ಬಾಡಿಗೆಗೇ ತಂದರೆ ವಾಪಸ್ ಕೊಡುವಾಗ ಡಿಸ್ಕ್ ಅಳಿಸಿಕೊಡಬೇಕೆಂದು ಈಗಲೇ ಬರೆಸಿ. ಮಷೀನಿನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ.

ಮೂರನೆಯದು ಲೆಕ್ಕದವರಿಗೆ ನಿದ್ದೆ ಕೆಡಿಸುವಂಥದ್ದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎನ್ನುವವರು ಜೆರಾಕ್ಸ್ ವರ್ಕ್‌ಸೆಂಟರ್ ಮಷೀನಿನಲ್ಲಿ ಒಂದು ಮನೆಯ ನಕ್ಷೆ ಸ್ಕ್ಯಾನ್ ಮಾಡಿದಾಗ ಮೂರು ಬೇರೆ ಬೇರೆ ಕೋಣೆಗಳ ವಿಸ್ತೀರ್ಣ 14.13 ಎಂದೇ ಬಂತು. ಮೂಲದಲ್ಲಿ ಒಂದು 14.13, ಇನ್ನೊಂದು 21.11, ಮತ್ತೊಂದು 17.42. ಮಸುಕಾಗಿದ್ದರೆ ಅನುಮಾನ ಬರುತ್ತಿತ್ತು. ಅಂಕಿ ಸ್ಪಷ್ಟವಾಗಿಯೇ ಇತ್ತು, ಆದರೆ ತಪ್ಪು! ಫೈಲ್ ಸಣ್ಣದು ಮಾಡಲು ಜೆಬಿಗ್2 ಎನ್ನುವ ವಿಧಾನದಲ್ಲಿ ಒಂದೇ ತರಹ ಕಾಣುವ ತುಣುಕುಗಳನ್ನು ಒಮ್ಮೆ ಮಾತ್ರ ಇಟ್ಟುಕೊಂಡು ಎಲ್ಲ ಕಡೆ ಅದನ್ನೇ ಒತ್ತುತ್ತಾರೆ. ಸಣ್ಣ ಅಕ್ಷರದ 6 ಮತ್ತು 8 ಅದಕ್ಕೆ ಒಂದೇ ಅನ್ನಿಸಿದರೆ ಮುಗಿಯಿತು. ಕಂಪನಿ ಆಮೇಲೆ ಸರಿಪಡಿಸುವ ಪ್ಯಾಚ್ ಕೊಟ್ಟಿತು. ಆದರೂ ಲೆಕ್ಕದ ಕಾಗದಕ್ಕೆ ಫೈಲನ್ನು ಹಿಂಡಿ ಸಣ್ಣದು ಮಾಡುವ ಸೆಟ್ಟಿಂಗುಗಳನ್ನು ನಾನು ಆಫ್ ಮಾಡಿಯೇ ಕೊಡುತ್ತೇನೆ.

ಸಣ್ಣ ಫೈಲು ಬೇಕಾದರೆ ದಾರಿ ಬೇರೆ ಇದೆ. ಎ4 ಹಾಳೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಕಲರ್ ಅಂದರೆ ಹಿಂಡುವ ಮೊದಲು ಸುಮಾರು 26 ಎಂಬಿ. ಗ್ರೇ ಆದರೆ ಅದರ ಮೂರರಲ್ಲಿ ಒಂದು. ಬಿಲ್ಲಿಗೆ ಕಲರ್ ಯಾಕೆ? ಗ್ರೇ ಸಾಕು. ಗುಲಾಬಿ ಹಾಳೆಗೆ ಸೆಟ್ಟಿಂಗಿನಲ್ಲಿ ಡ್ರಾಪೌಟ್ ಕಲರ್ (ಯಾವ ಬಣ್ಣ ಬಿಡಬೇಕು) ಎನ್ನುವ ಕಡೆ ಕೆಂಪು ಆರಿಸಿ. ಗುಲಾಬಿ ಹಿನ್ನೆಲೆ ಬೆಳ್ಳಗಾಗುತ್ತದೆ, ನೀಲಿ ಬರಹ ಕಪ್ಪಾಗಿ ಎದ್ದು ಬರುತ್ತದೆ. ಆದರೆ ಕೆಂಪು ಸೀಲು ಇದ್ದರೆ ಅದೂ ಮಾಯ!

ಕನ್ನಡ ಬಿಲ್ಲುಗಳಲ್ಲಿ ಹೆಸರು ಹುಡುಕಬೇಕಿದ್ದರೆ ಓಸಿಆರ್‌ಮೈಪಿಡಿಎಫ್ ಎನ್ನುವ ಸಾಫ್ಟ್‌ವೇರ್ ಉಚಿತ, ಒಳಗೆ ಅಕ್ಷರ ಗುರುತಿಸುವ ಟೆಸೆರಾಕ್ಟ್ ಇದೆ, ಕನ್ನಡ ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಓದುತ್ತದೆ. ಅಚ್ಚಾದ ಅಕ್ಷರ ಮಾತ್ರ. ಮಂಡಿ ಗುಮಾಸ್ತರ ಕೈಬರಹ ಅದರ ಕೈಲಿ ಆಗುವುದಿಲ್ಲ.

ಮಂಡಿ ಲೆಕ್ಕ (ಸಾಗರ)

ಮಂಡಿ ಗುಮಾಸ್ತರ ಕೈಬರಹ ನನ್ನ ಕೈಲೇ ಆಗುವುದಿಲ್ಲ ಸರ್, ಪಾಪ ಅದಕ್ಕೆ ಹೇಗೆ ಆಗಬೇಕು.

ತಿಂಗಳಾದ ಮೇಲೆ ಬಂದಿದ್ದೇನೆ, ತಡವಾಯಿತು. ಸಾಹೇಬರಿಗೆ ಈ ಎಳೆಯನ್ನು ಪ್ರಿಂಟ್ ಮಾಡಿ ಕೊಟ್ಟೆ. ಕನಿಷ್ಠ ಕಾಪಿಯ ಮಾತು ಓದಿ ಸುಮ್ಮನಾದರು. 14.13ರ ಕಥೆ ಓದಿ ಎರಡು ಸಲ ನನ್ನ ಮುಖ ನೋಡಿದರು.

ಶಿವಮೊಗ್ಗದ ಡೀಲರ್ ಹತ್ತಿರ ಡೆಮೊಗೆ ಹೋದಾಗ ಅವರು ಹೊಸ ಎ4 ಹಾಳೆಯ ಕಟ್ಟು ಹಾಕಿ ತೋರಿಸಲು ಹೊರಟರು. ಬೇಡ ಅಂದೆ. ನನ್ನ ಕೈಚೀಲದಿಂದ ಎಂಬತ್ತು ಗುಲಾಬಿ ಬಿಲ್ಲು, ಹತ್ತು ಡೀಸೆಲ್ ಚೀಟಿಯ ಹಾಳೆ, ಒಂದು ಬಾಡಿಗೆ ಕರಾರು ತೆಗೆದು ಕೊಟ್ಟೆ. ಮೊದಲ ಮಾಡೆಲ್ ಗುಲಾಬಿಯಲ್ಲಿ ಆರು ಸಲ ನಿಂತಿತು. ಎರಡನೆಯದು ಒಂದೇ ಸಲ, ಅದೂ ಮೂಲೆ ಹರಿದಿದ್ದ ಬಿಲ್ಲಿಗೆ. ಅದನ್ನೇ ತಂದೆವು. ರೋಲರ್ ಸೆಟ್ ಒಂದು ಜೊತೆಗೇ ತಗೊಂಡೆ.

ಈಗ ಹಾಳೆ ಎಣಿಸಿ ಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಮುಗಿದ ಮೇಲೆ ಪುಟದ ಸಂಖ್ಯೆಗೆ ತಾಳೆ ನೋಡುತ್ತೇವೆ. ಖಾಲಿ ಪುಟದ ಸೆಟ್ಟಿಂಗ್ ಮೇಲೆ ಕೈ ಹಾಕಿದ ಹುಡುಗನಿಗೆ ಆ ದಿನ ಟೀ ಇಲ್ಲ. ಡ್ರಾಪೌಟ್ ಕೆಂಪು ಗುಲಾಬಿ ಹಾಳೆಗೆ ಅದ್ಭುತವಾಗಿದೆ, ಆದರೆ ಸರ್ ಹೇಳಿದ ಹಾಗೇ ಒಂದು ಮಂಡಿಯ ಕೆಂಪು ಸೀಲು ನಾಪತ್ತೆಯಾಯಿತು. ಆ ಮಂಡಿಯ ಬಿಲ್ಲನ್ನು ಮಾತ್ರ ಕಲರಿನಲ್ಲೇ ಹಾಕುತ್ತೇವೆ.

ಹಳೆ ಮಷೀನಿನ ಬೆರಳಗಲದ ಪಟ್ಟಿಯನ್ನೂ ಒರೆಸಿದೆ. ಎರಡು ವರ್ಷದಿಂದ ಬರುತ್ತಿದ್ದ ಗೆರೆ ಹೋಯಿತು. ಅದಕ್ಕೆ ಹೋದ ವರ್ಷ ಒಬ್ಬರಿಗೆ ವಿಸಿಟ್ ಚಾರ್ಜ್ ಕೊಟ್ಟಿದ್ದೆ, "ಪಾರ್ಟ್ ಬದಲಿಸಬೇಕು" ಎಂದು ಹೇಳಿ ಹೋಗಿದ್ದರು.

ಕಿತ್ತ ಪಿನ್ನುಗಳನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಡುತ್ತಿದ್ದೇವೆ. ಅರ್ಧ ತುಂಬಿದೆ, ಸೆಪ್ಟೆಂಬರ್ ಇನ್ನೂ ಬಂದಿಲ್ಲ.